ಗರ್ಭಾವಸ್ಥೆಯಲ್ಲಿ ಲಸಿಕೆಯ ನಂತರದ ತೀವ್ರ ಉಸಿರಾಟದ ಪ್ರತಿಕ್ರಿಯೆ

ಗರ್ಭಾವಸ್ಥೆಯಲ್ಲಿ ಲಸಿಕೆಯ ನಂತರದ ತೀವ್ರ ಉಸಿರಾಟದ ಪ್ರತಿಕ್ರಿಯೆ ಎಂದರೆ ಗರ್ಭಿಣಿಯು ಲಸಿಕೆ ಪಡೆದ ಕೆಲವು ನಿಮಿಷ ಅಥವಾ ಕೆಲವು ಗಂಟೆಗಳೊಳಗೆ ಆಕೆಯ ಶ್ವಾಸಮಾರ್ಗವು ಊದಿಕೊಂಡು ಅಥವಾ ಕಿರಿದಾಗಿ ಉಸಿರಾಟಕ್ಕೆ ಅಡ್ಡಿಯಾಗುವ ಅಪರೂಪದ ತುರ್ತುಸ್ಥಿತಿ. ಇಂತಹ ಪ್ರತಿಕ್ರಿಯೆಗಳಲ್ಲಿ ಅತ್ಯಂತ ಗಂಭೀರವಾದುದು ಅನಾಫಿಲ್ಯಾಕ್ಸಿಸ್, ಅಂದರೆ ಇಡೀ ದೇಹವನ್ನು ಹಠಾತ್ತನೆ ವ್ಯಾಪಿಸುವ ಅಲರ್ಜಿ. ಎಲ್ಲ ವಯೋಮಾನದವರನ್ನೂ ಒಟ್ಟಾಗಿ ಪರಿಗಣಿಸಿದಾಗ, ವಾಡಿಕೆಯ ಲಸಿಕೆಗಳಿಂದ ಇದು ಹತ್ತು ಲಕ್ಷ ಡೋಸುಗಳಿಗೆ ಸುಮಾರು ಒಂದು ಬಾರಿ ಮಾತ್ರ ಉಂಟಾಗುತ್ತದೆ. ಆದರೆ ಗರ್ಭಿಣಿಯ ದೇಹದಲ್ಲಿ ಆಮ್ಲಜನಕದ ಸಂಗ್ರಹ ಕಡಿಮೆ ಇರುವುದರಿಂದ, ಚಿಕಿತ್ಸೆ ತಡವಾದರೆ ತಾಯಿ ಮತ್ತು ಗರ್ಭಸ್ಥ ಶಿಶು ಇಬ್ಬರಿಗೂ ಹಾನಿಯಾಗಬಹುದು. ಅಡ್ರಿನಲಿನ್ ಚುಚ್ಚುಮದ್ದನ್ನು ತಕ್ಷಣ ನೀಡುವುದೇ ಇದರ ಮುಖ್ಯ ಚಿಕಿತ್ಸೆಯಾಗಿದ್ದು, ಗರ್ಭಾವಸ್ಥೆಯ ಕಾರಣಕ್ಕಾಗಿ ಅದನ್ನು ತಡೆಹಿಡಿಯಬಾರದು ಎಂಬುದು ವೈದ್ಯಕೀಯ ಮಾರ್ಗಸೂಚಿಗಳ ಒಮ್ಮತದ ಅಭಿಪ್ರಾಯ.

ವಿಧಗಳು ಮತ್ತು ಕಾರಣಗಳು

ಲಸಿಕೆಯ ನಂತರ ಕಾಣಿಸಿಕೊಳ್ಳುವ ಉಸಿರಾಟದ ತೊಂದರೆಗಳೆಲ್ಲವೂ ಒಂದೇ ಬಗೆಯವಲ್ಲ. ಅವುಗಳ ಕಾರಣ, ಕಾಣಿಸಿಕೊಳ್ಳುವ ಸಮಯ ಹಾಗೂ ಚಿಕಿತ್ಸೆ ಬೇರೆ ಬೇರೆಯಾಗಿರುತ್ತವೆ.

ಅನಾಫಿಲ್ಯಾಕ್ಸಿಸ್: ಹಿಂದೆ ಪರಿಚಯವಾದ ಯಾವುದೋ ಒಂದು ವಸ್ತುವಿನ ವಿರುದ್ಧ ದೇಹವು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಂಡಿರುತ್ತದೆ. ಈ ಪ್ರತಿಕಾಯಗಳು ಚರ್ಮ, ಶ್ವಾಸನಾಳ, ಕರುಳು ಮುಂತಾದೆಡೆ ಇರುವ ಮಾಸ್ಟ್ ಕೋಶಗಳ ಮೇಲ್ಮೈಗೆ ಅಂಟಿಕೊಂಡಿರುತ್ತವೆ. ಅದೇ ವಸ್ತು ಮತ್ತೆ ದೇಹವನ್ನು ಸೇರಿದಾಗ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರಯೀನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಸೂಸುತ್ತವೆ. ಇದರಿಂದ ರಕ್ತನಾಳಗಳು ಹಿಗ್ಗಿ ದ್ರವವು ಹೊರಗೆ ಸೋರುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಮತ್ತು ಧ್ವನಿಪೆಟ್ಟಿಗೆ ಊದಿಕೊಳ್ಳುತ್ತವೆ ಹಾಗೂ ಶ್ವಾಸನಾಳದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಐಜಿಇ ನೆರವಿಲ್ಲದೆಯೇ ಮಾಸ್ಟ್ ಕೋಶಗಳು ಪ್ರಚೋದನೆಗೊಳ್ಳುವ ಸಂದರ್ಭಗಳೂ ಇವೆ.

ಅಲರ್ಜಿಗೆ ಕಾರಣವಾಗುವುದು ಹಲವು ಬಾರಿ ಲಸಿಕೆಯ ಮುಖ್ಯ ಅಂಶವಲ್ಲ, ಅದರೊಡನೆ ಅಲ್ಪ ಪ್ರಮಾಣದಲ್ಲಿರುವ ಇತರ ಪದಾರ್ಥ. ಸ್ಥಿರಕಾರಿಯಾಗಿ ಬಳಸುವ ಜೆಲಟಿನ್, ತಯಾರಿಕೆಯ ಹಂತದಲ್ಲಿ ಉಳಿಯುವ ನಿಯೋಮೈಸಿನ್‌ನಂತಹ ಆ್ಯಂಟಿಬಯೋಟಿಕ್‌ಗಳ ಅಂಶ, ಕೆಲವು ಸೀಸೆಗಳ ಮುಚ್ಚಳದಲ್ಲಿರುವ ಲ್ಯಾಟೆಕ್ಸ್ ಇವುಗಳಿಗೆ ಉದಾಹರಣೆ. ಕೋವಿಡ್-೧೯ರ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ವಸ್ತುವಿನ ಮೇಲೆ ಸಂದೇಹ ವ್ಯಕ್ತವಾಗಿತ್ತು.

ಕಣ್ಣು-ಉಸಿರಾಟ ಲಕ್ಷಣಕೂಟ: ಕೆನಡಾದಲ್ಲಿ ೨೦೦೦–೦೧ರ ಫ್ಲೂ ಋತುವಿನಲ್ಲಿ, ಲಸಿಕೆ ಪಡೆದ ೨೪ ಗಂಟೆಗಳೊಳಗೆ ಹಲವರಲ್ಲಿ ಕಣ್ಣು ಕೆಂಪಾಗುವಿಕೆ, ಕೆಮ್ಮು, ಎದೆ ಬಿಗಿತ, ಉಬ್ಬಸ ಮತ್ತು ಮುಖದ ಊತ ಕಾಣಿಸಿಕೊಂಡವು. ಒಂದು ಲಸಿಕೆಯಲ್ಲಿ ಸರಿಯಾಗಿ ಒಡೆಯದೆ ಗುಂಪುಗೂಡಿ ಉಳಿದಿದ್ದ ವೈರಸ್ ಕಣಗಳೊಡನೆ ಇದಕ್ಕೆ ಸಂಬಂಧ ಕಲ್ಪಿಸಲಾಯಿತು. ಇದು ಅನಾಫಿಲ್ಯಾಕ್ಸಿಸ್ ಅಲ್ಲ. ಹೆಚ್ಚಿನವರಲ್ಲಿ ಲಕ್ಷಣಗಳು ಸೌಮ್ಯವಾಗಿದ್ದು ತಾವಾಗಿಯೇ ಶಮನಗೊಂಡವು.

ಆತಂಕಜನ್ಯ ಪ್ರತಿಕ್ರಿಯೆ: ಚುಚ್ಚುಮದ್ದಿನ ಭಯದಿಂದ ವೇಗವಾಗಿ ಉಸಿರಾಡುವುದು, ತಲೆಸುತ್ತುವುದು, ಮೂರ್ಛೆ ಹೋಗುವುದು ಸಾಮಾನ್ಯ. ಕೆಲವರಲ್ಲಿ ಧ್ವನಿತಂತುಗಳು ಬಿಗಿದುಕೊಂಡು ಉಸಿರು ಕಟ್ಟಿದ ಅನುಭವವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಇವನ್ನು ಲಸಿಕಾ ಒತ್ತಡಕ್ಕೆ ಸಂಬಂಧಿಸಿದ ಪ್ರತಿಕ್ರಿಯೆಗಳೆಂದು ಒಂದೇ ವರ್ಗದಡಿ ವಿವರಿಸಿತು. ಇವು ನಟನೆಯಲ್ಲ, ದೇಹದ ನಿಜವಾದ ಪ್ರತಿಕ್ರಿಯೆಗಳೇ. ಆದರೆ ಇವುಗಳಿಗೆ ಅಲರ್ಜಿ ಕಾರಣವಲ್ಲ.

ಗರ್ಭಿಣಿಯ ಉಸಿರಾಟದಲ್ಲಾಗುವ ಬದಲಾವಣೆಗಳು

ಒಂದೇ ತೀವ್ರತೆಯ ಪ್ರತಿಕ್ರಿಯೆಯು ಗರ್ಭಿಣಿಯಲ್ಲಿ ಇತರರಿಗಿಂತ ಬೇಗನೆ ಅಪಾಯದ ಹಂತ ತಲುಪುವುದಕ್ಕೆ ಆಕೆಯ ದೇಹದ ಸಹಜ ಬದಲಾವಣೆಗಳೇ ಕಾರಣ. ಬೆಳೆಯುವ ಗರ್ಭಕೋಶವು ವಪೆಯನ್ನು ಸುಮಾರು ನಾಲ್ಕು ಸೆಂಟಿಮೀಟರಿನಷ್ಟು ಮೇಲಕ್ಕೆ ತಳ್ಳುತ್ತದೆ. ಉಸಿರು ಬಿಟ್ಟ ನಂತರ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ಪ್ರಮಾಣವು ಗರ್ಭಾವಸ್ಥೆಯ ಕೊನೆಯ ವೇಳೆಗೆ ಸುಮಾರು ಶೇ. ೨೦ರಷ್ಟು ತಗ್ಗುತ್ತದೆ. ಈ ಗಾಳಿಯೇ ಉಸಿರು ನಿಂತಾಗ ಕೆಲಕಾಲ ನೆರವಿಗೆ ಬರುವ ಆಮ್ಲಜನಕದ ದಾಸ್ತಾನು. ಅದೇ ವೇಳೆಗೆ ಆಮ್ಲಜನಕದ ಬಳಕೆ ಸುಮಾರು ಶೇ. ೨೦ರಷ್ಟು ಹೆಚ್ಚಿರುತ್ತದೆ. ದಾಸ್ತಾನು ಕಡಿಮೆ, ಖರ್ಚು ಹೆಚ್ಚು ಎಂಬ ಈ ಸ್ಥಿತಿಯಲ್ಲಿ ಶ್ವಾಸಮಾರ್ಗ ಮುಚ್ಚಿಕೊಂಡರೆ ರಕ್ತದ ಆಮ್ಲಜನಕ ಬಹು ಬೇಗ ಕುಸಿಯುತ್ತದೆ.

ಗರ್ಭಾವಸ್ಥೆಯಲ್ಲಿ ಮೂಗು ಮತ್ತು ಗಂಟಲಿನ ಒಳಪದರವು ಮೊದಲೇ ಸ್ವಲ್ಪ ಊದಿಕೊಂಡಿರುತ್ತದೆ. ಅಲರ್ಜಿಯ ಊತವೂ ಸೇರಿದಾಗ ದಾರಿ ಮತ್ತಷ್ಟು ಕಿರಿದಾಗುತ್ತದೆ ಮತ್ತು ಉಸಿರಾಟದ ಕೊಳವೆ ಅಳವಡಿಸುವುದು ವೈದ್ಯರಿಗೆ ಕಷ್ಟವಾಗುತ್ತದೆ. ಸುಮಾರು ೨೦ ವಾರಗಳ ನಂತರ ಗರ್ಭಿಣಿಯನ್ನು ಅಂಗಾತ ಮಲಗಿಸಿದರೆ ಗರ್ಭಕೋಶದ ಭಾರವು ಹೃದಯಕ್ಕೆ ರಕ್ತವನ್ನು ಮರಳಿಸುವ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ. ಆಗ ಮೊದಲೇ ಕುಸಿಯುತ್ತಿರುವ ರಕ್ತದೊತ್ತಡ ಇನ್ನಷ್ಟು ಕುಸಿಯುತ್ತದೆ.

ಇನ್ನೊಂದು ಬದಲಾವಣೆ ರೋಗನಿರ್ಣಯವನ್ನು ಕಠಿಣಗೊಳಿಸುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನಿನ ಪ್ರಭಾವದಿಂದ ಗರ್ಭಿಣಿಯು ಸಹಜವಾಗಿಯೇ ಆಳವಾಗಿ ಉಸಿರಾಡುವುದರಿಂದ, ಆಕೆಯ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡಿನ ಒತ್ತಡ ಸುಮಾರು ೩೦ ಮಿ.ಮೀ. ಪಾದರಸದಷ್ಟಿರುತ್ತದೆ. ಇತರ ವಯಸ್ಕರಲ್ಲಿ ಇದು ಸುಮಾರು ೪೦. ಆದ್ದರಿಂದ ಉಸಿರಾಟದ ತೊಂದರೆಯಲ್ಲಿರುವ ಗರ್ಭಿಣಿಯಲ್ಲಿ ೪೦ ಎಂಬ ಅಂಕಿ ಕಂಡರೆ ಅದು ಸಮಾಧಾನದ ಸೂಚನೆಯಲ್ಲ, ಆಕೆ ಬಳಲಿ ಸೋಲುತ್ತಿರುವುದರ ಸೂಚನೆ.

ಲಕ್ಷಣಗಳು

ಅನಾಫಿಲ್ಯಾಕ್ಸಿಸ್‌ನ ಲಕ್ಷಣಗಳು ಸಾಮಾನ್ಯವಾಗಿ ದೇಹದ ಎರಡು ಅಥವಾ ಹೆಚ್ಚು ವ್ಯವಸ್ಥೆಗಳಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ.

• ಉಸಿರಾಟ: ಧ್ವನಿ ಒಡೆಯುವುದು, ಗಂಟಲು ಬಿಗಿದ ಅನುಭವ, ಉಸಿರು ಎಳೆದುಕೊಳ್ಳುವಾಗ ಕರ್ಕಶ ಶಬ್ದ, ಉಬ್ಬಸ, ತುಟಿ ನೀಲಿಗಟ್ಟುವುದು.
• ಚರ್ಮ: ತುರಿಕೆ, ಪಿತ್ತಗಂಧೆಯಂತಹ ದದ್ದುಗಳು, ತುಟಿ, ನಾಲಗೆ ಮತ್ತು ಕಣ್ಣುರೆಪ್ಪೆಗಳ ಊತ.
• ರಕ್ತಪರಿಚಲನೆ: ವೇಗವಾದ ಕ್ಷೀಣ ನಾಡಿ, ರಕ್ತದೊತ್ತಡದ ಕುಸಿತ, ಪ್ರಜ್ಞೆ ತಪ್ಪುವುದು.
• ಜಠರ ಮತ್ತು ಕರುಳು: ಹೊಟ್ಟೆನೋವು, ವಾಂತಿ, ಭೇದಿ.

ಗರ್ಭಿಣಿಯರಲ್ಲಿ ಇವುಗಳ ಜೊತೆಗೆ ಸೊಂಟನೋವು, ಗರ್ಭಕೋಶದ ಬಿಗಿತ, ಜನನಾಂಗದ ತುರಿಕೆ ಹಾಗೂ ಮಗುವಿನ ಹೃದಯ ಬಡಿತದಲ್ಲಿ ಏರುಪೇರು ಕಾಣಬಹುದು. ಇವನ್ನು ಹೆರಿಗೆ ನೋವಿನ ಆರಂಭವೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ. ಚರ್ಮದ ಲಕ್ಷಣಗಳು ಎಲ್ಲರಲ್ಲಿಯೂ ಕಾಣಲೇಬೇಕೆಂದಿಲ್ಲ. ದದ್ದು ಇಲ್ಲವೆಂಬ ಕಾರಣಕ್ಕೆ ಅನಾಫಿಲ್ಯಾಕ್ಸಿಸ್ ಅಲ್ಲವೆಂದು ನಿರ್ಧರಿಸಲಾಗದು. ತೀವ್ರ ಪ್ರತಿಕ್ರಿಯೆಗಳು ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯಲ್ಲಿ ಆರಂಭವಾಗುತ್ತವೆ, ಕೆಲವು ಮಾತ್ರ ಹಲವು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ಒಮ್ಮೆ ಶಮನಗೊಂಡ ಲಕ್ಷಣಗಳು ಕೆಲವು ಗಂಟೆಗಳ ಬಳಿಕ ಮರುಕಳಿಸುವುದೂ ಉಂಟು.

ರೋಗನಿರ್ಣಯ

ಆರೋಗ್ಯವಂತ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಒಂದಲ್ಲ ಒಂದು ಹಂತದಲ್ಲಿ ಏದುಸಿರಿನ ಅನುಭವವಾಗುತ್ತದೆ. ಇದು ವಾರಗಳ ಅವಧಿಯಲ್ಲಿ ನಿಧಾನವಾಗಿ ಹೆಚ್ಚುವಂಥದು. ಉಬ್ಬಸವಾಗಲಿ ರಕ್ತದೊತ್ತಡದ ಕುಸಿತವಾಗಲಿ ಇದರಲ್ಲಿ ಇರುವುದಿಲ್ಲ. ಹಠಾತ್ತನೆ ಆರಂಭವಾಗುವ ತೊಂದರೆಯನ್ನು ಮಾತ್ರ ಬೇರೆಯಾಗಿ ನೋಡಬೇಕಾಗುತ್ತದೆ.

ಮೂರ್ಛೆ ಮತ್ತು ಅನಾಫಿಲ್ಯಾಕ್ಸಿಸ್‌ಗಳನ್ನು ಪ್ರತ್ಯೇಕಿಸಲು ನಾಡಿಬಡಿತ ನೆರವಾಗುತ್ತದೆ. ಮೂರ್ಛೆಯಲ್ಲಿ ನಾಡಿ ನಿಧಾನವಾಗಿ, ಚರ್ಮ ಬಿಳಿಚಿಕೊಂಡು ತಣ್ಣಗೆ ಬೆವರುತ್ತದೆ. ಮಲಗಿಸಿದ ಕೂಡಲೇ ಚೇತರಿಕೆ ಕಾಣುತ್ತದೆ. ಅನಾಫಿಲ್ಯಾಕ್ಸಿಸ್‌ನಲ್ಲಿ ನಾಡಿ ಸಾಮಾನ್ಯವಾಗಿ ವೇಗವಾಗಿರುತ್ತದೆ ಮತ್ತು ಮಲಗಿಸಿದ ಮಾತ್ರಕ್ಕೆ ಉಸಿರಾಟ ಸುಧಾರಿಸುವುದಿಲ್ಲ. ಆಸ್ತಮಾ ಉಲ್ಬಣ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಲುಕುವುದು, ತೀವ್ರ ರಕ್ತದೊತ್ತಡದಿಂದ ಶ್ವಾಸಕೋಶದಲ್ಲಿ ನೀರು ತುಂಬುವುದು, ಹೆರಿಗೆಯ ಸುತ್ತಮುತ್ತ ಹೃದಯದ ಸ್ನಾಯು ದುರ್ಬಲಗೊಳ್ಳುವುದು ಹಾಗೂ ಹೆರಿಗೆಯ ವೇಳೆ ಗರ್ಭಜಲವು ರಕ್ತವನ್ನು ಸೇರುವುದು ಇವೂ ಇದೇ ರೀತಿ ತೋರಬಹುದು. ಇವು ಲಸಿಕೆಯೊಂದಿಗೆ ಸಂಬಂಧವಿಲ್ಲದೆ, ಕೇವಲ ಕಾಕತಾಳೀಯವಾಗಿ ಅದರ ನಂತರ ಸಂಭವಿಸಿರಬಹುದು.

ಇದಕ್ಕೊಂದು ಅಪವಾದ ಕೋವಿಡ್-೧೯ರ ಅಡಿನೋವೈರಸ್ ಆಧಾರಿತ ಲಸಿಕೆಗಳ ಸಂದರ್ಭದಲ್ಲಿ ೨೦೨೧ರಲ್ಲಿ ಕಂಡುಬಂತು. ರಕ್ತ ಹೆಪ್ಪುಗಟ್ಟುವುದರೊಡನೆ ಕಿರುಬಿಲ್ಲೆಗಳ ಸಂಖ್ಯೆ ಕುಸಿಯುವ ಅತಿ ವಿರಳ ತೊಡಕೊಂದು ಈ ಲಸಿಕೆಗಳಿಂದಲೇ ಉಂಟಾಗುವುದು ದೃಢಪಟ್ಟಿತು. ಹೆಪ್ಪು ಶ್ವಾಸಕೋಶದಲ್ಲಿ ಸಿಲುಕಿದರೆ ಉಸಿರಾಟದ ತೊಂದರೆ ತೋರುತ್ತದೆ. ಆದರೆ ಇದು ನಿಮಿಷಗಳಲ್ಲಿ ಅಲ್ಲ, ಹೆಚ್ಚಾಗಿ ಲಸಿಕೆ ಪಡೆದ ಕೆಲವು ದಿನಗಳಿಂದ ಕೆಲವು ವಾರಗಳ ಅವಧಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬ್ರಿಟನ್ನಿನ ತಜ್ಞರ ಸಮಿತಿಯು ೨೦೨೧ರ ಏಪ್ರಿಲ್‌ನಲ್ಲಿ ಗರ್ಭಿಣಿಯರಿಗೆ ಎಂಆರ್‌ಎನ್‌ಎ ಲಸಿಕೆಗಳನ್ನು ನೀಡಲು ಸಲಹೆ ಮಾಡಿತು.

ಅನಾಫಿಲ್ಯಾಕ್ಸಿಸ್ ಅನ್ನು ಲಕ್ಷಣಗಳ ಆಧಾರದ ಮೇಲೆಯೇ ಗುರುತಿಸಲಾಗುತ್ತದೆ. ಲಕ್ಷಣಗಳು ಆರಂಭವಾದ ಒಂದೆರಡು ಗಂಟೆಗಳಲ್ಲಿ ತೆಗೆದ ರಕ್ತದಲ್ಲಿ ಟ್ರಿಪ್ಟೇಸ್ ಎಂಬ ಕಿಣ್ವದ ಮಟ್ಟ ಏರಿದ್ದರೆ ಅದು ನಂತರದ ದೃಢೀಕರಣಕ್ಕೆ ಸಹಾಯಕ. ಫಲಿತಾಂಶಕ್ಕಾಗಿ ಚಿಕಿತ್ಸೆಯನ್ನು ನಿಲ್ಲಿಸಿ ಕಾಯುವಂತಿಲ್ಲ.

ಚಿಕಿತ್ಸೆ

ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ನೀಡುವುದು ಮೊದಲ ಹೆಜ್ಜೆ. ವಯಸ್ಕರಿಗೆ ಸಾಮಾನ್ಯ ಪ್ರಮಾಣ ೦.೫ ಮಿಲಿಗ್ರಾಂ, ಅಂದರೆ ೧:೧೦೦೦ ಸಾಂದ್ರತೆಯ ದ್ರಾವಣದ ಅರ್ಧ ಮಿಲಿಲೀಟರ್. ಗರ್ಭಿಣಿಯರಿಗೂ ಇದೇ ಪ್ರಮಾಣ ಅನ್ವಯಿಸುತ್ತದೆ. ಸುಧಾರಣೆ ಕಾಣದಿದ್ದರೆ ಐದು ನಿಮಿಷಗಳ ನಂತರ ಪುನಃ ನೀಡಲಾಗುತ್ತದೆ. ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಗೊಳಿಸಿ ಒತ್ತಡವನ್ನು ಏರಿಸುತ್ತದೆ, ಶ್ವಾಸನಾಳಗಳನ್ನು ಸಡಿಲಗೊಳಿಸುತ್ತದೆ, ಗಂಟಲಿನ ಊತವನ್ನು ತಗ್ಗಿಸುತ್ತದೆ ಮತ್ತು ಮಾಸ್ಟ್ ಕೋಶಗಳು ಇನ್ನಷ್ಟು ರಾಸಾಯನಿಕಗಳನ್ನು ಹೊರಸೂಸದಂತೆ ತಡೆಯುತ್ತದೆ.

ಅಡ್ರಿನಲಿನ್ ಗರ್ಭಕೋಶದ ರಕ್ತನಾಳಗಳನ್ನೂ ಕಿರಿದಾಗಿಸಬಹುದೆಂಬ ಆತಂಕದಿಂದ ಅದನ್ನು ನೀಡಲು ಹಿಂಜರಿಯುವುದುಂಟು. ಆದರೆ ಗರ್ಭಕೋಶದ ರಕ್ತಪೂರೈಕೆಯು ತಾಯಿಯ ರಕ್ತದೊತ್ತಡವನ್ನೇ ಅವಲಂಬಿಸಿದೆ. ಒತ್ತಡ ಕುಸಿದಾಗ ಅದನ್ನು ಸರಿದೂಗಿಸಿಕೊಳ್ಳುವ ಶಕ್ತಿ ಆ ರಕ್ತನಾಳಗಳಿಗೆ ಬಹಳ ಕಡಿಮೆ. ತಾಯಿಯ ರಕ್ತದೊತ್ತಡ ಮತ್ತು ಆಮ್ಲಜನಕ ಸರಿಯಾಗದೆ ಮಗುವಿಗೆ ರಕ್ಷಣೆಯಿಲ್ಲ. ಹೀಗಾಗಿ ಔಷಧ ಕೊಡುವುದರಿಂದಾಗುವ ಸಂಭಾವ್ಯ ತೊಂದರೆಗಿಂತ ಕೊಡದಿರುವುದರಿಂದಾಗುವ ಹಾನಿಯೇ ದೊಡ್ಡದು.

ಇದರೊಂದಿಗೆ ಕೈಗೊಳ್ಳುವ ಇತರ ಕ್ರಮಗಳು ಹೀಗಿವೆ:

• ಗರ್ಭಿಣಿಯನ್ನು ಎಡಮಗ್ಗುಲಿಗೆ ಮಲಗಿಸುವುದು ಅಥವಾ ಗರ್ಭಕೋಶವನ್ನು ಕೈಯಿಂದ ಎಡಕ್ಕೆ ಸರಿಸಿ ಹಿಡಿಯುವುದು. ಉಸಿರಾಟದ ಕಷ್ಟವೇ ಮುಖ್ಯವಾಗಿದ್ದರೆ ಒರಗಿ ಕುಳಿತುಕೊಳ್ಳಲು ಬಿಡಬಹುದು. ಹಠಾತ್ತನೆ ಎದ್ದು ನಿಲ್ಲಲು ಅಥವಾ ನಡೆಯಲು ಬಿಡಬಾರದು.
• ಹೆಚ್ಚಿನ ಪ್ರಮಾಣದ ಆಮ್ಲಜನಕ ನೀಡಿ, ರಕ್ತದ ಆಮ್ಲಜನಕ ಮಟ್ಟವನ್ನು ಶೇ. ೯೫ ಅಥವಾ ಹೆಚ್ಚು ಇರುವಂತೆ ನೋಡಿಕೊಳ್ಳುವುದು.
• ರಕ್ತದೊತ್ತಡ ಕಾಯ್ದುಕೊಳ್ಳಲು ರಕ್ತನಾಳದ ಮೂಲಕ ದ್ರವ ನೀಡುವುದು.
• ಉಬ್ಬಸ ಮುಂದುವರಿದರೆ ಸಾಲ್ಬುಟಮಾಲ್ ಅನ್ನು ಆವಿಯ ರೂಪದಲ್ಲಿ ನೀಡುವುದು.
• ಮಗುವಿನ ಹೃದಯ ಬಡಿತದ ಮೇಲೆ ನಿಗಾ ಇಡುವುದು.

ಅಲರ್ಜಿನಿರೋಧಕ ಮಾತ್ರೆಗಳು ಮತ್ತು ಸ್ಟೀರಾಯ್ಡ್‌ಗಳು ನಂತರದ ಔಷಧಗಳು. ಅವು ತುರಿಕೆ, ದದ್ದುಗಳಿಗೆ ಉಪಯುಕ್ತವಾದರೂ ಅಡ್ರಿನಲಿನ್‌ಗೆ ಪರ್ಯಾಯವಲ್ಲ. ಹೃದಯವೇ ಸ್ತಬ್ಧವಾದರೆ ಮತ್ತು ಗರ್ಭಕೋಶವು ಹೊಕ್ಕುಳಿನ ಮಟ್ಟಕ್ಕೆ ಬೆಳೆದಿದ್ದರೆ, ಪುನಶ್ಚೇತನದ ಪ್ರಯತ್ನ ನಡೆಯುತ್ತಿರುವಂತೆಯೇ ಸುಮಾರು ಐದು ನಿಮಿಷಗಳೊಳಗೆ ಶಸ್ತ್ರಕ್ರಿಯೆಯಿಂದ ಮಗುವನ್ನು ಹೊರತೆಗೆಯಲು ಮಾರ್ಗಸೂಚಿಗಳು ಹೇಳುತ್ತವೆ. ಇದರ ಮೊದಲ ಉದ್ದೇಶ ತಾಯಿಯ ರಕ್ತಪರಿಚಲನೆಯನ್ನು ಸುಧಾರಿಸುವುದು.

ಭ್ರೂಣದ ಮೇಲಿನ ಪರಿಣಾಮ

ಐಜಿಇ ಪ್ರತಿಕಾಯಗಳು ಜರಾಯುವನ್ನು (ಮಾಸು) ದಾಟುವುದಿಲ್ಲ. ಜರಾಯುವಿನಲ್ಲಿ ಹಿಸ್ಟಮಿನ್ ಅನ್ನು ಒಡೆಯುವ ಡೈಅಮೀನ್ ಆಕ್ಸಿಡೇಸ್ ಎಂಬ ಕಿಣ್ವವೂ ಹೇರಳವಾಗಿದೆ. ಆದ್ದರಿಂದ ತಾಯಿಯ ಅಲರ್ಜಿಯು ನೇರವಾಗಿ ಮಗುವಿಗೆ ತಗಲುವ ಸಾಧ್ಯತೆ ಕಡಿಮೆ. ಮಗುವಿಗೆ ಎದುರಾಗುವ ನಿಜವಾದ ಅಪಾಯವೆಂದರೆ ಆಮ್ಲಜನಕದ ಕೊರತೆ. ತಾಯಿಯ ಸ್ಥಿತಿ ಬೇಗ ಸುಧಾರಿಸಿದರೆ ಮಗು ಸಾಮಾನ್ಯವಾಗಿ ಆರೋಗ್ಯವಾಗಿರುತ್ತದೆ. ಕೊರತೆ ದೀರ್ಘವಾದರೆ ಮಗುವಿನ ಮೆದುಳಿಗೆ ಶಾಶ್ವತ ಹಾನಿಯಾಗಬಹುದು ಅಥವಾ ಗರ್ಭದಲ್ಲಿಯೇ ಸಾವು ಸಂಭವಿಸಬಹುದು.

ಪ್ರಮಾಣ

ಅಮೆರಿಕದ ಲಸಿಕಾ ಸುರಕ್ಷತಾ ದತ್ತಾಂಶ ಜಾಲದ ಮಾಹಿತಿಯನ್ನು ಆಧರಿಸಿ ೨೦೧೬ರಲ್ಲಿ ಪ್ರಕಟವಾದ ಅಧ್ಯಯನವು ಸುಮಾರು ೨.೫ ಕೋಟಿ ಡೋಸುಗಳನ್ನು ಪರಿಶೀಲಿಸಿ ೩೩ ಅನಾಫಿಲ್ಯಾಕ್ಸಿಸ್ ಪ್ರಕರಣಗಳನ್ನು ದೃಢಪಡಿಸಿತು. ಇದು ಹತ್ತು ಲಕ್ಷ ಡೋಸುಗಳಿಗೆ ೧.೩೧ರಷ್ಟಾಗುತ್ತದೆ. ಅವರಲ್ಲಿ ಯಾರೂ ಮೃತಪಡಲಿಲ್ಲ. ಬಹುಪಾಲು ಜನರಿಗೆ ಮೊದಲೇ ಆಸ್ತಮಾ ಅಥವಾ ಬೇರೆ ಅಲರ್ಜಿ ಇತ್ತು. ಕೋವಿಡ್-೧೯ ಲಸಿಕೆಗಳ ವಿಷಯದಲ್ಲಿ ೨೦೨೦ರ ಡಿಸೆಂಬರ್‌ನ ಮೊದಲ ದಿನಗಳಲ್ಲಿ ಅಮೆರಿಕದಲ್ಲಿ ಫೈಜರ್ ಲಸಿಕೆಗೆ ಹತ್ತು ಲಕ್ಷಕ್ಕೆ ೧೧.೧ ಪ್ರಕರಣಗಳು ವರದಿಯಾದವು. ಮುಂದೆ ಹೆಚ್ಚಿನ ಡೋಸುಗಳು ಬಳಕೆಯಾದಾಗ ಈ ದರ ಸುಮಾರು ಐದಕ್ಕೆ ಇಳಿಯಿತು.

ಗರ್ಭಿಣಿಯರ ಕುರಿತು ೨೦೨೨ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಕೋವಿಡ್-೧೯ ಲಸಿಕೆ ಪಡೆದ ೪೫ ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಗಮನಿಸಿತು. ವೈದ್ಯರನ್ನು ಕಾಣಬೇಕಾದ ತತ್‌ಕ್ಷಣದ ತೊಂದರೆಗಳು ಶೇ. ೧ಕ್ಕಿಂತ ಕಡಿಮೆ ಮಂದಿಯಲ್ಲಿ ಕಂಡವು. ಅವುಗಳಲ್ಲಿ ಹೆಚ್ಚಿನವು ಜ್ವರ, ಸುಸ್ತು ಮೊದಲಾದವು. ಬ್ರಿಟನ್ನಿನಲ್ಲಿ ೨೦೧೨ರಿಂದ ೨೦೧೫ರವರೆಗೆ ನಡೆದ ಸಮೀಕ್ಷೆಯಲ್ಲಿ ಎಲ್ಲ ಕಾರಣಗಳಿಂದಾದ ಅನಾಫಿಲ್ಯಾಕ್ಸಿಸ್ ಒಂದು ಲಕ್ಷ ಹೆರಿಗೆಗಳಿಗೆ ೧.೬ರಷ್ಟಿತ್ತು. ಪತ್ತೆಯಾದ ೩೭ ಮಹಿಳೆಯರಲ್ಲಿ ಇಬ್ಬರು ಮೃತಪಟ್ಟರು. ಅಲ್ಲಿ ಪ್ರಮುಖ ಕಾರಣವಾಗಿದ್ದುದು ಲಸಿಕೆಗಳಲ್ಲ, ಆಸ್ಪತ್ರೆಯಲ್ಲಿ ನೀಡಿದ ಆ್ಯಂಟಿಬಯೋಟಿಕ್‌ಗಳು.

ಮುನ್ನೆಚ್ಚರಿಕೆ

ಲಸಿಕೆಗೆ ಮೊದಲು ಕೇಳಬೇಕಾದ ಮುಖ್ಯ ಪ್ರಶ್ನೆ, ಇದೇ ಲಸಿಕೆಯಿಂದ ಅಥವಾ ಅದರ ಯಾವುದೇ ಘಟಕದಿಂದ ಹಿಂದೆ ತೀವ್ರ ಅಲರ್ಜಿ ಆಗಿತ್ತೇ ಎಂಬುದು. ಆಗಿದ್ದರೆ ಅದೇ ಲಸಿಕೆಯನ್ನು ಸಾಮಾನ್ಯ ರೀತಿಯಲ್ಲಿ ನೀಡಬಾರದು. ಅಲರ್ಜಿ ತಜ್ಞರು ಪರೀಕ್ಷೆ ನಡೆಸಿ, ಬೇರೆ ಲಸಿಕೆಯನ್ನು ಆಯ್ಕೆ ಮಾಡಬಹುದು ಅಥವಾ ಆಸ್ಪತ್ರೆಯಲ್ಲಿ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತಾ ನೀಡಬಹುದು. ಧೂಳು, ಆಹಾರ ಅಥವಾ ಬೇರೆ ಔಷಧಗಳ ಅಲರ್ಜಿ ಇರುವುದು, ಆಸ್ತಮಾ ಹತೋಟಿಯಲ್ಲಿರುವುದು ಲಸಿಕೆ ನಿರಾಕರಿಸಲು ಕಾರಣಗಳಲ್ಲ. ಆದರೂ ಇವನ್ನು ಲಸಿಕೆ ನೀಡುವವರಿಗೆ ತಿಳಿಸಿರಬೇಕು. ಲಸಿಕೆಯ ನಂತರ ಅದೇ ಸ್ಥಳದಲ್ಲಿ ಕುಳಿತು ಕಾಯುವುದು ಸರಳವಾದರೂ ಪರಿಣಾಮಕಾರಿ ಮುನ್ನೆಚ್ಚರಿಕೆ.

ಭಾರತದಲ್ಲಿ

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ಧನುರ್ವಾಯು ಮತ್ತು ಡಿಫ್ತೀರಿಯಾ ವಿರುದ್ಧದ ಟಿಡಿ ಲಸಿಕೆಯನ್ನು ನೀಡಲಾಗುತ್ತದೆ. ಮೊದಲ ಡೋಸ್ ಗರ್ಭಾವಸ್ಥೆಯ ಆರಂಭದಲ್ಲಿ, ಎರಡನೆಯದು ನಾಲ್ಕು ವಾರಗಳ ನಂತರ. ಹಿಂದಿನ ಗರ್ಭಧಾರಣೆಯಲ್ಲಿ ಎರಡೂ ಡೋಸ್ ಪಡೆದು ಮೂರು ವರ್ಷಗಳೊಳಗೆ ಪುನಃ ಗರ್ಭಿಣಿಯಾದವರಿಗೆ ಒಂದು ಬೂಸ್ಟರ್ ಸಾಕು. ಕೇಂದ್ರ ಆರೋಗ್ಯ ಸಚಿವಾಲಯವು ೨೦೨೧ರ ಜುಲೈ ೨ರಂದು ಗರ್ಭಿಣಿಯರಿಗೆ ಕೋವಿಡ್-೧೯ ಲಸಿಕೆಯನ್ನೂ ಅನುಮತಿಸಿತು. ಕರ್ನಾಟಕದಲ್ಲಿ ಗರ್ಭಿಣಿಯರ ಲಸಿಕೆ ಹಾಗೂ ತಪಾಸಣೆಯ ವಿವರಗಳನ್ನು ತಾಯಿ ಕಾರ್ಡಿನಲ್ಲಿ ದಾಖಲಿಸಲಾಗುತ್ತದೆ. ಹಿಂದಿನ ಪ್ರತಿಕ್ರಿಯೆಯ ವಿವರವೂ ಅಲ್ಲಿ ಬರೆದಿದ್ದರೆ ಮುಂದಿನ ಬಾರಿ ಬೇರೆ ಕೇಂದ್ರದ ಸಿಬ್ಬಂದಿಗೂ ಅದು ತಿಳಿಯುತ್ತದೆ.

ಮಾರ್ಗಸೂಚಿಯಂತೆ ಲಸಿಕೆ ಪಡೆದವರು ಅರ್ಧ ಗಂಟೆ ಕೇಂದ್ರದಲ್ಲಿಯೇ ಇರಬೇಕು ಮತ್ತು ಅಲ್ಲಿ ಅಡ್ರಿನಲಿನ್ ಒಳಗೊಂಡ ತುರ್ತು ಕಿಟ್ ಸಿದ್ಧವಿರಬೇಕು. ಲಸಿಕೆ ನೀಡುವ ಆರೋಗ್ಯ ಸಹಾಯಕಿಯರಿಗೆ, ವೈದ್ಯರಿಲ್ಲದ ಕಡೆಯೂ, ಅನಾಫಿಲ್ಯಾಕ್ಸಿಸ್ ಶಂಕೆ ಬಂದಾಗ ಒಂದು ಡೋಸ್ ಅಡ್ರಿನಲಿನ್ ನೀಡಿ ಆಸ್ಪತ್ರೆಗೆ ಕಳುಹಿಸಲು ಅವಕಾಶವಿದೆ. ಆಸ್ಪತ್ರೆ ದೂರವಿರುವ ಹಳ್ಳಿಗಳಲ್ಲಿ ಈ ಅವಕಾಶವೇ ನಿರ್ಣಾಯಕ, ಏಕೆಂದರೆ ೧೦೮ ಆಂಬುಲೆನ್ಸ್ ಬರುವವರೆಗಿನ ನಿಮಿಷಗಳಲ್ಲಿಯೇ ಉಸಿರು ಉಳಿಯಬೇಕು.

ಗಂಭೀರ ಪ್ರಕರಣಗಳನ್ನು ವರದಿ ಮಾಡಿ ತನಿಖೆ ನಡೆಸುವ ವ್ಯವಸ್ಥೆ ಜಿಲ್ಲಾ, ರಾಜ್ಯ ಮತ್ತು ರಾಷ್ಟ್ರ ಮಟ್ಟಗಳಲ್ಲಿದೆ. ತಜ್ಞರ ಸಮಿತಿಯು ಘಟನೆಯನ್ನು ಲಸಿಕೆಯ ಗುಣದಿಂದಾದುದು, ತಯಾರಿಕೆಯ ದೋಷದಿಂದಾದುದು, ನೀಡುವ ವಿಧಾನದ ತಪ್ಪಿನಿಂದಾದುದು, ಆತಂಕದಿಂದಾದುದು ಅಥವಾ ಕಾಕತಾಳೀಯ ಎಂದು ವಿಂಗಡಿಸುತ್ತದೆ. ಸಾಕ್ಷ್ಯ ಸಾಲದಿದ್ದರೆ ಅನಿರ್ಧಾರಿತವೆಂದು ದಾಖಲಿಸುತ್ತದೆ.

ಇತಿಹಾಸ

ಫ್ರಾನ್ಸಿನ ವಿಜ್ಞಾನಿಗಳಾದ ಚಾರ್ಲ್ಸ್ ರಿಷೆ ಮತ್ತು ಪಾಲ್ ಪೋರ್ತಿಯೇ ೧೯೦೨ರಲ್ಲಿ ಅನಾಫಿಲ್ಯಾಕ್ಸಿಸ್ ಅನ್ನು ವಿವರಿಸಿದರು. ಸಮುದ್ರಜೀವಿಗಳ ವಿಷವನ್ನು ಅಲ್ಪ ಪ್ರಮಾಣದಲ್ಲಿ ನೀಡಿ ನಾಯಿಗಳಿಗೆ ರಕ್ಷಣೆ ಒದಗಿಸಲು ಅವರು ಯತ್ನಿಸಿದ್ದರು. ಆದರೆ ಕೆಲವು ವಾರಗಳ ನಂತರ ಎರಡನೆಯ ಬಾರಿ ಕೊಟ್ಟ ಸಣ್ಣ ಪ್ರಮಾಣವೇ ನಾಯಿಗಳಿಗೆ ಮಾರಕವಾಯಿತು. ರಕ್ಷಣೆಗೆ ವಿರುದ್ಧವಾದುದು ಎಂಬ ಅರ್ಥದಲ್ಲಿ ಗ್ರೀಕ್ ಮೂಲದಿಂದ ಈ ಹೆಸರನ್ನು ರೂಪಿಸಲಾಯಿತು. ಈ ಸಂಶೋಧನೆಗಾಗಿ ರಿಷೆಗೆ ೧೯೧೩ರಲ್ಲಿ ನೊಬೆಲ್ ಪ್ರಶಸ್ತಿ ದೊರಕಿತು. ಐಜಿಇ ಪ್ರತಿಕಾಯವನ್ನು ೧೯೬೦ರ ದಶಕದಲ್ಲಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ ದಂಪತಿ ಹಾಗೂ ಸ್ವೀಡನ್ನಿನ ಸಂಶೋಧಕರು ಪ್ರತ್ಯೇಕವಾಗಿ ಗುರುತಿಸಿದರು.

ಪ್ರಯೋಜನ ಮತ್ತು ಅಪಾಯಗಳ ತುಲನೆ

ಲಸಿಕೆಯ ಅಪಾಯವನ್ನು ಅದು ತಡೆಯುವ ರೋಗದ ಅಪಾಯದೊಡನೆ ಹೋಲಿಸಿ ನೋಡುವುದು ವೈದ್ಯಕೀಯ ಕ್ರಮ. ೨೦೦೯ರ ಎಚ್೧ಎನ್೧ ಸಾಂಕ್ರಾಮಿಕದಲ್ಲಿ ಅಮೆರಿಕದ ಜನಸಂಖ್ಯೆಯ ಸುಮಾರು ಶೇ. ೧ರಷ್ಟಿದ್ದ ಗರ್ಭಿಣಿಯರು ಒಟ್ಟು ಸಾವುಗಳಲ್ಲಿ ಸುಮಾರು ಶೇ. ೫ರಷ್ಟಿದ್ದರು. ಇಂಗ್ಲೆಂಡಿನಲ್ಲಿ ನಾಯಿಕೆಮ್ಮು ಹೆಚ್ಚಿದಾಗ ೨೦೧೨ರ ಅಕ್ಟೋಬರ್‌ನಿಂದ ಗರ್ಭಿಣಿಯರಿಗೆ ಲಸಿಕೆ ಆರಂಭಿಸಲಾಯಿತು. ಅದು ಮೂರು ತಿಂಗಳೊಳಗಿನ ಶಿಶುಗಳನ್ನು ರೋಗದಿಂದ ರಕ್ಷಿಸುವಲ್ಲಿ ಶೇ. ೯೧ರಷ್ಟು ಪರಿಣಾಮಕಾರಿ ಎಂದು ಕಂಡುಬಂತು. ಭಾರತವು ೨೦೧೫ರಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಮಾನ್ಯತೆ ಪಡೆಯಿತು. ಇದರಲ್ಲಿ ಗರ್ಭಿಣಿಯರ ಲಸಿಕೆ ಮತ್ತು ಸ್ವಚ್ಛ ಹೆರಿಗೆ ಎರಡರ ಪಾತ್ರವೂ ಇದೆ. ಅಪರೂಪದ ಉಸಿರಾಟದ ಪ್ರತಿಕ್ರಿಯೆಯನ್ನು ಪೂರ್ಣವಾಗಿ ತಡೆಯುವ ಮಾರ್ಗ ಸದ್ಯಕ್ಕಿಲ್ಲ. ಆದರೆ ಅದನ್ನು ಮೊದಲ ನಿಮಿಷಗಳಲ್ಲಿ ಗುರುತಿಸಿ ಅಡ್ರಿನಲಿನ್ ನೀಡಬಲ್ಲ ಸಿಬ್ಬಂದಿ ಲಸಿಕಾ ಕೇಂದ್ರದಲ್ಲಿದ್ದರೆ, ಅದರಿಂದಾಗುವ ಸಾವು ಮತ್ತು ಶಾಶ್ವತ ಹಾನಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು.